ನಡುಬಾಗಿಲಿನ ಬಣ್ಣ

ಗಣೇಶನನ್ನು ನೀರಿಗೆ ಬಿಟ್ಟ ಮರುದಿನ ನಮ್ಮ ಭಾವನವರು ಬಣ್ಣದ ಕಾರ್ಡುಗಳ ಕಟ್ಟನ್ನು ಜಗಲಿಗೆ ತರುತ್ತಾರೆ. ಪಂಚಾಂಗದಲ್ಲಿ ಬರೆಯದೇ ಇರುವ, ಆದರೆ ನಮ್ಮ ಮನೆಯಲ್ಲಿ ತಪ್ಪದೆ ನಡೆಯುವ ಹಬ್ಬ ಅದು. ಕನ್ನಡಕ ಏರಿಸಿಕೊಂಡು ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು ಬಾದಾಮಿ ಬಣ್ಣ, ನವಿಲಿನ ಬಣ್ಣ, ಇಟ್ಟಿಗೆ ಬಣ್ಣ ಎಂದು ಅರ್ಧ ದಿನ ಅಳೆದು ಸುರಿದು, ಕೊನೆಗೆ ಆರಿಸುವುದು ಮಾತ್ರ ಪ್ರತಿ ವರ್ಷವೂ ಮೆರೂನ್. ಹಳೆಯ ರೈಲು ಬೋಗಿಯ ಬಣ್ಣ. ಭಾವ ವಿಷ್ಣುತೀರ್ಥರು, ನನ್ನ ಗಂಡನ ಅಣ್ಣ, ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಇದ್ದವರು. ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ಮನಸ್ಸು ಇನ್ನೂ ಬೋಗಿಯಿಂದ ಇಳಿದಿಲ್ಲ.

ಬಣ್ಣ ಬೇಕಾಗಿರುವುದು ಮನೆಯ ಮುಂದಿನ ಮೂರು ಗ್ಯಾರೇಜುಗಳ ಬಾಗಿಲಿಗೆ. ರಾಯಪುರಂನ ನಮ್ಮ ಮನೆ ಮೊದಲು ಒಬ್ಬ ಹಡಗು ಏಜೆಂಟನದಾಗಿತ್ತಂತೆ. ಅವನ ಹತ್ತಿರ ಗುಮಾಸ್ತರಾಗಿದ್ದ ನಮ್ಮ ಮಾವ ಅದನ್ನು ಕೊಂಡು, ಗ್ಯಾರೇಜಿನ ಗೆದ್ದಲು ಹಿಡಿದ ಮರದ ಬಾಗಿಲು ತೆಗೆಸಿ, ಹಾರ್ಬರಿನ ವರ್ಕ್‌ಶಾಪಿನಲ್ಲಿ ದಪ್ಪ ಕಬ್ಬಿಣದ ಬಾಗಿಲು ಮಾಡಿಸಿದರು. ಒಂದೊಂದಕ್ಕೂ ಎರಡೆರಡು ಕದ. ಸಮುದ್ರ ನಮಗೆ ಕೂಗಳತೆಯಲ್ಲಿದೆ. ಮಧ್ಯಾಹ್ನದ ಮೇಲೆ ಬೀಸುವ ಗಾಳಿಯಲ್ಲಿ ಉಪ್ಪು ಎಷ್ಟಿರುತ್ತದೆಂದರೆ, ಜಗಲಿಯ ಕಂಬಿ ಮುಟ್ಟಿ ಬೆರಳು ನೆಕ್ಕಿದರೆ ಸಾರಿಗೆ ಬೇರೆ ಉಪ್ಪು ಬೇಡ. ಆ ಗಾಳಿಯನ್ನು ಅರವತ್ತು ವರ್ಷ ತಡೆದ ಬಾಗಿಲುಗಳಿಗೆ ಈಚೆಗೆ ಪ್ರತಿ ವರ್ಷವೂ ತುಕ್ಕು. ಬಣ್ಣ ಬಳಿಸಿದ ಎಂಟೇ ತಿಂಗಳಿಗೆ ಅಪ್ಪಳದ ಹಾಗೆ ಉಬ್ಬಿ ಉದುರುತ್ತದೆ.

"ಇದೇ ಕೊನೇ ಸಲ," ಎಂದರು ಭಾವ ಆ ವರ್ಷ, ಮೆರೂನ್ ಕಾರ್ಡನ್ನು ಪಕ್ಕಕ್ಕಿಟ್ಟು. "ಕಂಪನಿ ಬದಲಾಯಿಸಿ ನೋಡ್ತೀನಿ. ಮುಂದಿನ ಗಣೇಶನ ಹಬ್ಬಕ್ಕೆ ತುಕ್ಕು ಕಂಡ್ರೆ ಬಾಗಿಲು ಕಿತ್ತು ಹಳೇ ಕಬ್ಬಿಣಕ್ಕೆ ಹಾಕಿಬಿಡೋದು. ಶಟರ್ ಹಾಕೋನ ಹತ್ರ ಆಗ್ಲೇ ಮಾತಾಡಿದೀನಿ."

ನನ್ನ ಗಂಡ ಗುರುಚರಣ ಪತ್ರಿಕೆಯಿಂದ ತಲೆಯೆತ್ತದೆ "ನೋಡೋಣ" ಎಂದರು. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ಬಂದವರು ಅವರು. ಅಡುಗೆಮನೆಗೆ ಬೆಂಕಿ ಬಿದ್ದರೂ ಮೊದಲು "ನೋಡೋಣ" ಎಂದೇ ಹೇಳುತ್ತಾರೆ.

ಬಾಗಿಲು ಕೀಳುವ ಮಾತು ನನಗೆ ಸಹಿಸಲಾಗಲಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಜಲಜಾ, ಈ ಮನೆಯ ಕಿರಿಯ ಸೊಸೆ. ಮದುವೆಯಾಗಿ ಎರಡು ವರ್ಷಕ್ಕೆ ನನಗೆ ಅಂಬತ್ತೂರಿನ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. "ನಮ್ಮನೆ ಸೊಸೆ ಡಬ್ಬಿ ಫ್ಯಾಕ್ಟರಿಗೆ ಹೋಗೋದಾ?" ಎಂದು ಮೊದಲು ಬಾಯಿ ತೆಗೆದವರು ಭಾವ. ಮಾವನವರು ಮರುದಿನ ಬೆಳಿಗ್ಗೆ ಆರಕ್ಕೆ ಕಾಲು ಗಂಟೆಯಿರುವಾಗ ನಡುವಿನ ಗ್ಯಾರೇಜಿನ ಬಾಗಿಲನ್ನು ಕಿರ್ರೆನ್ನಿಸಿ ತೆರೆದು, ತಮ್ಮ ಹೆರಾಲ್ಡ್ ಕಾರನ್ನು ಹೊರಗೆ ತಂದು, "ಬಾಮ್ಮಾ, ಸ್ಟೇಷನ್‌ಗೆ ಬಿಡ್ತೀನಿ" ಎಂದರು. ಅವರು ಬದುಕಿರುವ ತನಕ, ಹನ್ನೆರಡು ವರ್ಷ, ಹಾಗೆ ಬಿಟ್ಟರು. ಆ ಬಾಗಿಲಿನ ಕಿರ್ರೆನ್ನುವ ಸದ್ದು ಕೇಳಿದರೆ ಬೀದಿಯವರು ಜಲಜಾ ಕೆಲಸಕ್ಕೆ ಹೊರಟಳು ಎಂದು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಾನು ನಡೆದುಕೊಂಡೇ ಸ್ಟೇಷನ್ನಿಗೆ ಹೋದೆ. ಅದೇ ಗ್ಯಾರೇಜಿನಲ್ಲಿ ಭಾವನ ಕಾರು ನಿಂತಿರುತ್ತಿತ್ತು. ಒಂದು ದಿನವೂ ಅವರು "ಬಾ" ಎನ್ನಲಿಲ್ಲ.

ಮೂವತ್ತೊಂದು ವರ್ಷ ನಾನು ಆ ಲ್ಯಾಬಿನಲ್ಲಿ ಮಾಡಿದ್ದು ಒಂದೇ ಕೆಲಸ. ಕಬ್ಬಿಣದ ತಗಡುಗಳಿಗೆ ಬಣ್ಣ ಹಚ್ಚುವುದು, ಉಪ್ಪು ನೀರಿನ ಮಂಜಿನಲ್ಲಿಡುವುದು, ಬಿಸಿಲಿಗಿಡುವುದು, ಯಾವ ಬಣ್ಣ ಎಷ್ಟು ದಿನಕ್ಕೆ ಯಾಕೆ ಬಿಟ್ಟಿತು ಎಂದು ಬರೆಯುವುದು. ಹಡಗುಗಳಿಗೆ, ಸೇತುವೆಗಳಿಗೆ ಹೋಗುವ ಬಣ್ಣಕ್ಕೆ ನನ್ನ ಸಹಿ ಬೀಳಬೇಕಾಗಿತ್ತು. ನನ್ನ ಮನೆಯ ಬಾಗಿಲಿಗೆ ಬಳಿಯುವ ಬಣ್ಣದ ಬಗ್ಗೆ ಮಾತ್ರ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಒಮ್ಮೆ ಭಾವನ ಜೊತೆ ಪೇಂಟ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಭಾವನಿಗೆ ಕಾರ್ಡು ಕೊಟ್ಟು, ನನಗೆ ಫ್ಯಾನಿನ ಕೆಳಗೆ ಒಂದು ಸ್ಟೂಲು ಹಾಕಿ ಕೂರಿಸಿದರು. ನಾನೂ ಕೂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಯಾವಳೋ ಸೊಸೆಯೇ ಮಾಡಿರಬೇಕು.

ಆದರೆ ಮಾವನ ಬಾಗಿಲು ಹಳೇ ಕಬ್ಬಿಣದವನ ಗಾಡಿ ಹತ್ತುವುದನ್ನು ಸ್ಟೂಲಿನ ಮೇಲೆ ಕೂತು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅಂದು ಸಂಜೆ ಕನ್ನಡಕ ಹಾಕಿಕೊಂಡು ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ವರ್ಷ ಅದೇ ಬಾಗಿಲ ಮುಂದೆ ಓಡಾಡಿದವಳು ಒಂದು ದಿನವೂ ಹಾಗೆ ಕೂತು ನೋಡಿರಲಿಲ್ಲ. ಎಲ್ಲದಕ್ಕೂ ಉಪ್ಪುಗಾಳಿಯೇ ಕಾರಣ ಎಂದುಕೊಂಡಿದ್ದೆ. ದೀಪದ ಬುಡದಲ್ಲೇ ಕತ್ತಲೆ. ಉಪ್ಪಿನ ತುಕ್ಕಾದರೆ ಅಂಚಿನಿಂದ, ಕೆಳಗಿನಿಂದ ಹತ್ತಬೇಕು. ಇಲ್ಲಿ ಆರು ಕದಗಳಲ್ಲೂ ತುಕ್ಕು ಶುರುವಾಗಿದ್ದದ್ದು ಎದೆಮಟ್ಟದಲ್ಲಿ. ಒಂದೊಂದು ಕದಕ್ಕೆ ಮೂರು ಮೂರು ದುಂಡನೆಯ ಕಲೆ, ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ. ಅಲ್ಲಿಂದ ಬಣ್ಣದ ಅಡಿಗೆ ನುಗ್ಗಿದ ನೀರು ಕೆಳಗಿನ ತನಕ ಇಳಿದಿತ್ತು.

ಆ ಮೂರು ಬೊಟ್ಟುಗಳನ್ನು ಇಟ್ಟವರು ಯಾರೆಂದು ನನಗೆ ಗೊತ್ತಿತ್ತು. ನಮ್ಮ ಅತ್ತೆ ಭೀಮಾಬಾಯಿ.

ಆಯುಧಪೂಜೆಯ ದಿನ ಗಾಡಿಗಳಿಗೆ ಪೂಜೆಯಾದ ಮೇಲೆ ಅತ್ತೆ ಗ್ಯಾರೇಜಿನ ಬಾಗಿಲುಗಳಿಗೂ ಕುಂಕುಮ ಹಚ್ಚುತ್ತಾರೆ. ಈ ಊರಿನಲ್ಲಿ ಮಳೆ ಶುರುವಾಗುವುದು ಸರಿಯಾಗಿ ಆ ಹೊತ್ತಿಗೇ. ಈ ಮನೆಗೆ ಬಂದ ಮೊದಲನೇ ವರ್ಷ ಮಂಗಳಾರತಿ ಮುಗಿಯುವ ಮೊದಲೇ ಕುಂಕುಮವೆಲ್ಲ ತೊಳೆದುಹೋಯಿತಂತೆ. ಅಪಶಕುನವಾಯಿತು ಎಂದು ಅತ್ತುಬಿಟ್ಟಿದ್ದರಂತೆ. ಮರುವರ್ಷದಿಂದ ಕುಂಕುಮವನ್ನು ಎಳ್ಳೆಣ್ಣೆಯಲ್ಲಿ ಕಲಸಿ ಹಚ್ಚತೊಡಗಿದರು. ಅದು ಮಳೆಗೆ ಜಗ್ಗಲಿಲ್ಲ. ದೇವರ ಕುಂಕುಮವನ್ನು ಒರೆಸುವವರು ಯಾರು? ಮರುವರ್ಷ ಪೇಂಟರ್ ಬಂದು ಅದರ ಮೇಲೆಯೇ ಬಣ್ಣ ಬಳಿದ. ಅದರ ಮೇಲೆ ಮತ್ತೆ ಎಣ್ಣೆ ಕುಂಕುಮ, ಅದರ ಮೇಲೆ ಮತ್ತೆ ಬಣ್ಣ. ಎಣ್ಣೆಯ ಮೇಲೆ ಬಣ್ಣ ಕೂರುವುದಿಲ್ಲ. ಕೂತ ಹಾಗೆ ನಟಿಸುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಎಲ್ಲರನ್ನೂ ಜಗಲಿಗೆ ಕರೆದೆ. ಅತ್ತೆಗೆ ತೊಂಬತ್ತೆರಡು ವರ್ಷ. ಕೋಲೂರಿಕೊಂಡು ಬಂದು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತರು. ನಡುಬಾಗಿಲಿನ ಒಂದು ಕಡೆ ಬೊಟ್ಟಿನ ಸುತ್ತ ಅಂಗೈಯಗಲ ಬಣ್ಣವನ್ನು ಕೆರೆದು ಕಬ್ಬಿಣ ಕಾಣುವ ತನಕ ಉಜ್ಜಿಟ್ಟಿದ್ದೆ. ಚೊಂಬಿನಿಂದ ಅದರ ಮೇಲೆ ನೀರು ಎರಚಿದೆ. ಇದು ನಾವು ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಪರೀಕ್ಷೆ. ಚೊಕ್ಕಟವಾದ ಕಬ್ಬಿಣದ ಮೇಲೆ ನೀರು ಒಂದೇ ತೆರೆಯಾಗಿ ಇಳಿಯುತ್ತದೆ, ಎಣ್ಣೆ ಇರುವಲ್ಲಿ ಒಡೆದು ಹನಿಹನಿಯಾಗಿ ನಿಲ್ಲುತ್ತದೆ. ಸುತ್ತಲೂ ನೀರು ಜಾರಿಹೋಯಿತು. ನಡುವೆ ದುಂಡಗೆ, ಅತ್ತೆಯ ಹೆಬ್ಬೆರಳಿನಗಲಕ್ಕೆ, ಹನಿಗಳು ನಿಂತವು.

ಅತ್ತೆ ಮುಂದಕ್ಕೆ ಬಾಗಿ ನೋಡಿದರು. "ಅದು ನಾನಿಟ್ಟ ಬೊಟ್ಟಲ್ವೇನೇ," ಎಂದರು ಮೆಲ್ಲಗೆ.

ನಾನು ಎಲ್ಲವನ್ನೂ ಹೇಳಿದೆ. ಹಳೆಯದನ್ನೆಲ್ಲ ಕಬ್ಬಿಣದ ತನಕ ಕೆರೆದು, ಸೋಪಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಬಣ್ಣದ ಅಡಿಗೆ ಸರಿಯಾದ ಪ್ರೈಮರ್ ಹಚ್ಚಿ, ಆಮೇಲೆ ಬಣ್ಣದ ಮಾತು. ಅದೂ ಪಿತೃಪಕ್ಷ ಬರುವ ಮುಂಚೆ, ಈ ಬಿಸಿಲಿರುವ ಹತ್ತು ದಿನದಲ್ಲಿ. ನಮ್ಮ ಮನೆಯಲ್ಲಿ ಪಕ್ಷಮಾಸದಲ್ಲಿ ಹೊಸ ಕೆಲಸ ಹಿಡಿಯುವ ಹಾಗಿಲ್ಲ; ಹಾಗಾಗಿ ಪ್ರತಿ ಸಲವೂ ಬಣ್ಣ ಬಳಿಯುವುದು ನವರಾತ್ರಿಯ ಗಡಿಬಿಡಿಯಲ್ಲಿ, ಮೋಡ ಕವಿದ ಮೇಲೆ.

ಭಾವ ಕಾಫಿ ಲೋಟ ಕೆಳಗಿಟ್ಟರು. ಬಾಣ ಎಲ್ಲಿಗೆ ಬಿಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. "ಓಹೋ. ಅಂದ್ರೆ ನಮ್ಮಮ್ಮನ ಕುಂಕುಮಾನೇ ಬಾಗಿಲು ತಿಂದದ್ದು ಅಂತಾಯ್ತು. ಅಮ್ಮಾ, ಕೇಳಿಸ್ತಾ? ನಿನ್ನ ಆಯುಧಪೂಜೆ ಕುಂಕುಮಕ್ಕೆ ನಿನ್ನ ಸೊಸೆ ಸೋಪು ಹಾಕಿ ಉಜ್ತಾಳಂತೆ."

ಅತ್ತೆಯ ಮುಖ ಸಣ್ಣದಾಯಿತು. ಅರವತ್ತು ವರ್ಷ ಭಕ್ತಿಯಿಂದ ಮಾಡಿದ ಕೆಲಸ ಕೆಡುಕು ಮಾಡಿತು ಎಂದು ತೊಂಬತ್ತೆರಡರ ಹೆಂಗಸಿಗೆ ಹೇಳುವುದು ಹೇಗೆ? ಆದರೆ ಬಾಗಿಲು ಉಳಿಯಬೇಕಾದರೆ ಹೇಳದೆ ವಿಧಿಯಿರಲಿಲ್ಲ.

"ಅತ್ತೆ, ನೀವು ಕುಂಕುಮ ಇಟ್ಟದ್ದು ತಪ್ಪಲ್ಲ," ಎಂದೆ. "ಒಂದೇ ಒಂದು ಕೇಳ್ತೀನಿ. ದೇವರ ಮನೇಲಿ ಬೆಳಿಗ್ಗೆ ಪೂಜೆಗೆ ಮೊದಲು ಏನು ಮಾಡ್ತಾರೆ?"

"ನಿನ್ನೆ ಹೂವು, ಗಂಧ ತೆಗೀತಾರೆ."

"ತೆಗೀದೆ ಹಾಗೇ ಹೊಸ ಹೂವು ಏರಿಸಿದ್ರೆ?"

"ನಿರ್ಮಾಲ್ಯ ತೆಗೀದೆ ಪೂಜೇನಾ? ಎಲ್ಲಾದ್ರೂ ಉಂಟಾ?" ಎಂದರು. ನಿಧಾನವಾಗಿ ಹಿರಿಯ ಮಗನ ಕಡೆ ತಿರುಗಿದರು. "ವಿಷ್ಣು, ನೀನು ದಿನಾ ಪೂಜೆ ಮಾಡೋನು. ನಿರ್ಮಾಲ್ಯ ತೆಗೀದೆ ಅಭಿಷೇಕ ಮಾಡ್ತೀಯೇನೋ?"

"ಅದು ಬೇರೆ ಅಮ್ಮಾ."

"ಏನು ಬೇರೆ? ಹಳೇ ಕುಂಕುಮ ನಿರ್ಮಾಲ್ಯವೇ ಅಲ್ವಾ? ನಾನು ಇಟ್ಟೆ, ಸೆರಿ. ತೆಗೆಸ್ಬೇಕಾದೋನು ನೀನು, ಅದರ ಮೇಲೇ ವರ್ಷವರ್ಷಾನೂ ಬಣ್ಣ ಬಳಿಸಿದೀಯ."

ನನ್ನ ಗಂಡ ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟರು. ನಮ್ಮ ಮನೆಯಲ್ಲಿ ಅದು ಸಣ್ಣ ಘಟನೆಯಲ್ಲ.

ಭಾವ ಸುಲಭಕ್ಕೆ ಬಿಡುವವರೇ? ಸ್ವಲ್ಪ ಹೊತ್ತು ವಾದ ನಡೆಯಿತು. ಕೊನೆಗೆ ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. "ನಡುಬಾಗಿಲು ಜಲಜಾಗೆ. ನಿಮ್ಮಪ್ಪ ಇದ್ದಾಗ್ಲೂ ಅದು ಅವಳ ಬಾಗಿಲೇ. ಆಚೆ ಈಚೆದು ವಿಷ್ಣು ತನ್ನಿಷ್ಟದ ಹಾಗೆ ಮಾಡಿಸ್ಲಿ. ಮುಂದಿನ ಗಣೇಶನ ಹಬ್ಬಕ್ಕೆ ನಾನೇ ಬಂದು ನೋಡ್ತೀನಿ."

"ಸೆರಿ," ಎಂದರು ಭಾವ. "ಅವಳ ಬಾಗಿಲಲ್ಲೂ ತುಕ್ಕು ಬಂದ್ರೆ ಮೂರನ್ನೂ ಕೀಳಿಸ್ತೀನಿ. ಆಮೇಲೆ ಯಾರೂ ತುಟಿ ಬಿಚ್ಬಾರ್ದು."

"ಬರ್ದಿದ್ರೆ ಮೂರೂ ಉಳೀಬೇಕು ಭಾವ," ಎಂದೆ. "ಮೂರಕ್ಕೂ ನಾನು ಹೇಳಿದ ಬಣ್ಣ."

ಬಣ್ಣ ಎಂದ ಕೂಡಲೇ ಹೊಸ ಜಗಳ ಎದ್ದಿತು. ಬೀದಿಯವರು ನಗುತ್ತಾರೆ, ಮೂರಕ್ಕೂ ಮೆರೂನೇ ಇರಲಿ ಎಂದು ಭಾವ. ನಮ್ಮ ಬಾಗಿಲು ಪೂರ್ವಕ್ಕೆ, ಸೂರ್ಯ ಹುಟ್ಟಿದ ಗಳಿಗೆಯಿಂದ ಬಿಸಿಲು. ಗಾಢ ಬಣ್ಣವಾದರೆ ಕಬ್ಬಿಣ ದೋಸೆ ಕಾವಲಿಯ ಹಾಗೆ ಕಾಯುತ್ತದೆ, ರಾತ್ರಿ ಆರುತ್ತದೆ, ಹಿಗ್ಗಿ ಕುಗ್ಗಿ ಬಣ್ಣ ಸೋಲುತ್ತದೆ, ತೆಳು ಬಣ್ಣವೇ ಬೇಕು ಎಂದು ನಾನು. ಅತ್ತೆ ಕಾರ್ಡುಗಳನ್ನು ಮಡಿಲಲ್ಲಿ ಹರಡಿಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದರು. ಇಷ್ಟು ವರ್ಷದಲ್ಲಿ ಅವರ ಕೈಗೆ ಆ ಕಾರ್ಡು ಯಾರೂ ಕೊಟ್ಟಿರಲಿಲ್ಲ.

"ಇದು," ಎಂದು ಒಂದರ ಮೇಲೆ ಬೆರಳಿಟ್ಟರು. ತೇಯ್ದ ಗಂಧದ ಬಣ್ಣ. "ಗಂಧದ ಮೇಲೆ ಕುಂಕುಮ ಎದ್ದು ಕಾಣತ್ತೆ. ನಿನ್ನ ಮೆರೂನಿನ ಮೇಲೆ ನನ್ನ ಕುಂಕುಮ ಕಾಣ್ತಾನೇ ಇರ್ಲಿಲ್ಲ ವಿಷ್ಣು. ಕಾಣ್ಲಿ ಅಂತ್ಲೇ ವರ್ಷ ವರ್ಷಾನೂ ಎಣ್ಣೆ ಜಾಸ್ತಿ ಹಾಕಿ ದಪ್ಪಕ್ಕೆ ಮೆತ್ತಿಬಿಡ್ತಿದ್ದೆ."

ಮಾವನ ಕಾಲದಲ್ಲಿ ಬಾಗಿಲು ಬೂದು ಬಣ್ಣದ್ದು, ಆಗ ಇಷ್ಟು ತುಕ್ಕು ಇರಲಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು. ಭಾವ ಯಜಮಾನಿಕೆ ವಹಿಸಿಕೊಂಡು ಮೆರೂನ್ ತಂದ ಮೇಲೆಯೇ ಬಾಗಿಲು ಕೆಟ್ಟದ್ದು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇರುವುದಕ್ಕೆ ನಾಲಿಗೆ ಕಚ್ಚಿಕೊಳ್ಳಬೇಕಾಯಿತು, ಅದು ಬೇರೆ ಮಾತು.

ಪೇಂಟರ್ ಅಂತೋಣಿ ನಮ್ಮ ಬೀದಿಯ ಕೊನೆಯ ಮನೆಯವನು. ಅವನಪ್ಪ, ಅಜ್ಜ ಎಲ್ಲ ಕಾಸಿಮೇಡಿನಲ್ಲಿ ಮೀನುದೋಣಿಗಳಿಗೆ ಬಣ್ಣ ಹಚ್ಚುತ್ತಿದ್ದವರು. ನಾನು ಹೇಳಿದ ಕ್ರಮವನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸಿದ. "ಬೋಟುಕ್ಕು ಅಪ್ಪಡಿದಾಮ್ಮಾ ಸೆಯ್ವೋಂ," ಎಂದ. ದೋಣಿಗಾದರೆ ಹೀಗೆಯೇ ಮಾಡುತ್ತೇವೆ ಎಂದರ್ಥ. ಹಾಗಾದರೆ ನಮ್ಮ ಬಾಗಿಲಿಗೆ ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಸಾರ್ ಎರಡೇ ದಿನ ಕೊಡುತ್ತಾರೆ, ಮೂರನೆಯ ದಿನ ಪೂಜೆ ಎನ್ನುತ್ತಾರೆ, ನನ್ನನ್ನು ಯಾರೂ ಕೇಳಲಿಲ್ಲ ಎಂದ. ಕೇಳಿಸಿಕೊಳ್ಳದವರ ಪಂಗಡದಲ್ಲಿ ನಾನೊಬ್ಬಳೇ ಅಲ್ಲ ಎಂದು ತಿಳಿದು ಒಂಥರಾ ಸಮಾಧಾನವಾಯಿತು.

ಐದು ದಿನ ಕೆಲಸ ನಡೆಯಿತು. ಎರಡು ದಿನ ಬರೀ ಕೆರೆಯುವುದು. ಉಪ್ಪುಪೇಪರ್ ಎಂದು ಇಲ್ಲಿಯವರು ಕರೆಯುವ ಒರಟು ಕಾಗದದಿಂದ ಉಜ್ಜಿ ಉಜ್ಜಿ ಕಬ್ಬಿಣ ಬೆಳ್ಳಗಾಯಿತು. ತೊಳೆಯುವಾಗ ಮತ್ತೊಂದು ರಗಳೆ. ನಮ್ಮ ಬೋರಿನ ನೀರು ಉಪ್ಪು. ಅದರಲ್ಲಿ ತೊಳೆದರೆ ತೊಳೆಯದಿರುವುದೇ ವಾಸಿ. ನಲ್ಲಿಗೆ ಸರ್ಕಾರ ಬಿಡುವ ಮೆಟ್ರೋ ನೀರು, ಅಂದರೆ ಕುಡಿಯುವ ನೀರು, ಬೇಕು ಎಂದೆ. "ಕುಡಿಯೋ ನೀರಲ್ಲಿ ಬಾಗಿಲು ತೊಳೀತಾಳೆ," ಎಂದು ಭಾವ ಬೀದಿಗೆಲ್ಲ ಕೇಳುವ ಹಾಗೆ ಅಂದರು. ನಾನು ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ನನ್ನ ಗಂಡ ಪಂಚೆ ಎತ್ತಿ ಕಟ್ಟಿಕೊಂಡು, ಸಂಪಿನಿಂದ ಎಂಟು ಬಕೆಟ್ ಸಿಹಿನೀರು ಹೊತ್ತು ತಂದಿಟ್ಟರು. ಅಣ್ಣನ ಮುಖ ನೋಡದೆ, ನನ್ನ ಮುಖವನ್ನೂ ನೋಡದೆ. ಮದುವೆಯಾದ ಮೇಲೆ ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ ದಿನ ಇನ್ನೊಂದಿಲ್ಲ.

ಮೂರು ಸಲ ಸೋಪು, ಮೂರು ಸಲ ನೀರು. ಮೂರನೆಯ ಸಲ ಚೊಂಬಿನ ನೀರು ಬಾಗಿಲಿನುದ್ದಕ್ಕೂ ಒಂದೇ ತೆರೆಯಾಗಿ ಇಳಿಯಿತು. ಎಲ್ಲೂ ಒಡೆಯಲಿಲ್ಲ. ಆಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಪ್ರೈಮರ್. ಬೆಳಗಿನ ಇಬ್ಬನಿ ಆರಿದ ಮೇಲೆ ಹತ್ತಕ್ಕೆ ಶುರು, ಕಡಲ ಗಾಳಿ ಏಳುವ ಮೊದಲು ಎರಡಕ್ಕೆ ನಿಲ್ಲಿಸುವುದು. ಅದರ ಮೇಲೆ ಗಂಧದ ಬಣ್ಣ, ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಹುಣ್ಣಿಮೆಗೆ ಎರಡು ದಿನ ಮುಂಚೆ ಮುಗಿಯಿತು.

ಭಾವನ ಎರಡು ಬಾಗಿಲು ಎಂದಿನಂತೆ ನವರಾತ್ರಿಯಲ್ಲಿ, ಎರಡೇ ದಿನದಲ್ಲಿ ಮೆರೂನಾದವು. ಹೊಸದರಲ್ಲಿ ಅವು ಎಷ್ಟು ಮಿರಮಿರ ಮಿಂಚಿದವೆಂದರೆ ನನ್ನ ಬಾಗಿಲು ಅವುಗಳ ನಡುವೆ ಅಕ್ಕಂದಿರ ಮಧ್ಯೆ ಸಿಕ್ಕಿಕೊಂಡ ಬಡ ತಂಗಿಯ ಹಾಗೆ ಕಂಡಿತು. ಬಂದವರೆಲ್ಲ ಅದನ್ನೇ ಹೇಳಿದರು, ಭಾವ ಅದನ್ನೇ ಹೇಳಿಸಿದರು. ಆಯುಧಪೂಜೆಯ ದಿನ ಅತ್ತೆ ಪಕ್ಷಪಾತ ಮಾಡಲಿಲ್ಲ. ಮಗನ ಬಾಗಿಲಿಗೆ ಎಣ್ಣೆಯ ಕುಂಕುಮ, ನನ್ನದಕ್ಕೆ ನೀರಿನಲ್ಲಿ ಕಲಸಿದ ಕುಂಕುಮ. ಗಂಧದ ಮೇಲೆ ಅದು ನಿಜಕ್ಕೂ ಎದ್ದು ಕಂಡಿತು. ವಿಜಯದಶಮಿಯ ಮರುದಿನ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಹಿಂಡಿದ ನೀರನ್ನು ತುಳಸಿಕಟ್ಟೆಯ ಪಕ್ಕದ ಗಿಡಕ್ಕೆ ಹಾಕಿದೆ.

ಆಮೇಲೆ ಮಳೆ. ಡಿಸೆಂಬರಿನಲ್ಲಿ ಚಂಡಮಾರುತ ಬಂತು. ಎರಡು ದಿನ ಬೀದಿಯಲ್ಲಿ ಮೊಣಕಾಲುದ್ದ ನೀರು, ಆ ನೀರಿನಲ್ಲಿ ಮೂರು ಬಾಗಿಲೂ ಒಂದೇ ಮಟ್ಟಕ್ಕೆ ಮುಳುಗಿ ನಿಂತವು. ನನಗೆ ನಿದ್ದೆ ಬರಲಿಲ್ಲ. ಲ್ಯಾಬಿನ ತಗಡಿಗಾದರೆ ನಾನೇ ಉಪ್ಪು ಬೆರೆಸಿ ನಾನೇ ಗಡಿಯಾರ ನೋಡುತ್ತಿದ್ದೆ. ಇಲ್ಲಿ ಬಂಗಾಳ ಕೊಲ್ಲಿಯೇ ಪರೀಕ್ಷೆ ಮಾಡಲು ನಿಂತಿತ್ತು. ನೀರಿಳಿದ ಬೆಳಿಗ್ಗೆ ಕೊಡೆ ಹಿಡಿದು ಓಡಿದರೆ, ನನಗಿಂತ ಮುಂಚೆ ಭಾವ ಅಲ್ಲಿದ್ದರು. ನನ್ನ ಬಾಗಿಲಿನ ಬುಡವನ್ನು ಬಗ್ಗಿ ನೋಡುತ್ತಿದ್ದವರು ನನ್ನನ್ನು ಕಂಡು "ಕಾರು ನೋಡೋಣಾಂತ ಬಂದೆ" ಎಂದರು.

ಸಂಕ್ರಾಂತಿಗೆ ಎಡಬಾಗಿಲಿನಲ್ಲಿ ಮೊದಲನೇ ಗುಳ್ಳೆ ಎದ್ದಿತು. ಸರಿಯಾಗಿ ಎದೆಮಟ್ಟದಲ್ಲಿ, ದುಂಡಗೆ. ಯುಗಾದಿಗೆ ಬಲಬಾಗಿಲು ಉದುರತೊಡಗಿತು. ಮೇ ತಿಂಗಳ ಕತ್ತರಿ ಬಿಸಿಲಿನ ಹೊತ್ತಿಗೆ ಎರಡೂ ಬಾಗಿಲ ಮುಂದೆ ಕಸ ಗುಡಿಸುವಾಗ ಮೊರಕ್ಕೆ ಮೆರೂನ್ ಚೂರುಗಳು ಬರುತ್ತಿದ್ದವು. ನನ್ನ ಬಾಗಿಲು ಸುಮ್ಮನೆ ನಿಂತಿತ್ತು. ಭಾವ ದಿನಾ ಬೆಳಿಗ್ಗೆ ಕಾರು ತೆಗೆಯಲು ಅದನ್ನೇ ತೆರೆಯಬೇಕು, ದಿನಾ ಅದನ್ನೇ ಮುಟ್ಟಬೇಕು. ನಾನು ಕೆದಕಲು ಹೋಗಲಿಲ್ಲ. ಹುಳಿ ಕುದಿಯುವಾಗ ಮುಚ್ಚಳ ತೆಗೆಯಬಾರದು.

ಮತ್ತೆ ಗಣೇಶ ಬಂದು ನೀರಿಗೆ ಹೋದ. ಮರುದಿನ ಅತ್ತೆ ಯಾರೂ ಕರೆಯದೆಯೇ ಬೆತ್ತದ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡರು. ಅಂತೋಣಿ ಬಂದು ನಿಂತ. ಎದುರು ಮನೆಯವರೂ ಗೇಟಿಗೆ ಒರಗಿಕೊಂಡರು. ವರ್ಷವಿಡೀ ಕಾದಿದ್ದ ವಿಷಯ.

ಭಾವ ಕೊನೆಯ ದಾಳ ಹಾಕಿದರು. "ತುಕ್ಕು ಮೇಲೆ ಕಂಡಿಲ್ಲ, ಒಪ್ಪಿದೆ. ಒಳಗೊಳಗೇ ಬಣ್ಣ ಬಿಟ್ಟಿದ್ರೆ? ಇನ್ನೊಂದು ಮಳೆಗೆ ಇದೂ ಉದುರತ್ತೆ."

ನ್ಯಾಯವಾದ ಮಾತೇ. ಲ್ಯಾಬಿನಲ್ಲಾದರೆ ನಾನೂ ಅದನ್ನೇ ಕೇಳುತ್ತಿದ್ದೆ. ಒಳಗೆ ಹೋಗಿ ಹೊಸ ಬ್ಲೇಡು, ಸ್ಕೇಲು, ಸೆಲ್ಲೋಟೇಪು ತಂದೆ. ನನ್ನ ಬಾಗಿಲಿನಲ್ಲಿ, ಹಿಂದೆ ಬೊಟ್ಟಿದ್ದ ಜಾಗದಲ್ಲೇ, ಕಬ್ಬಿಣಕ್ಕೆ ತಾಗುವ ತನಕ ಬ್ಲೇಡಿನಿಂದ ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ಆರು ಗೆರೆ ಕೊಯ್ದೆ.

"ಅಯ್ಯೋ, ನೀನೇ ಕೆಡಿಸ್ತೀಯಲ್ಲೇ," ಎಂದರು ಅತ್ತೆ.

"ಕೆಟ್ಟರೆ ಕೆಡ್ಲಿ ಅತ್ತೆ, ನಿಜ ಗೊತ್ತಾಗ್ಬೇಕು." ಗೆರೆಗಳ ಮೇಲೆ ಟೇಪು ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ತೀಡಿದೆ. "ಬಣ್ಣಕ್ಕೆ ಹಿಡಿತ ಇಲ್ದಿದ್ರೆ ಚೌಕಗಳು ಟೇಪಿನ ಜೊತೆ ಕಿತ್ತು ಬರ್ತವೆ. ನಾನು ಕೀಳಲ್ಲ. ಭಾವ, ನೀವೇ ಕೀಳಿ."

ಭಾವ ಮುಂದೆ ಬಂದರು. ಟೇಪಿನ ತುದಿ ಹಿಡಿದು ಒಂದೇ ಸಲಕ್ಕೆ ಚರ್ರನೆ ಎಳೆದರು. ಕನ್ನಡಕ ಏರಿಸಿ ಟೇಪನ್ನು ಬೆಳಕಿಗೆ ಹಿಡಿದರು, ಬಣ್ಣದ ಕಾರ್ಡು ಹಿಡಿಯುವ ಹಾಗೆಯೇ. ಟೇಪಿನಲ್ಲಿ ಏನೂ ಇರಲಿಲ್ಲ. ತಿರುಗಿಸಿ ನೋಡಿದರು, ಆಗಲೂ ಏನೂ ಇರಲಿಲ್ಲ. ಬಾಗಿಲಿನ ಮೇಲೆ ಇಪ್ಪತ್ತೈದು ಪುಟ್ಟ ಗಂಧದ ಚೌಕಗಳು ಇಪ್ಪತ್ತೈದೂ ಇದ್ದವು.

ಯಾರೂ ಹೇಳದೆ ಭಾವ ಇನ್ನೊಂದು ತುಂಡು ಟೇಪು ಹರಿದು ತಮ್ಮ ಎಡಬಾಗಿಲಿಗೆ, ಇನ್ನೂ ಚೆನ್ನಾಗಿದ್ದ ಒಂದು ಜಾಗ ಹುಡುಕಿ ಅಂಟಿಸಿದರು. ಬ್ಲೇಡಿನ ಗೆರೆಯೂ ಇಲ್ಲ. ಎಳೆದರು. ಅಂಗೈಯಗಲದ ಮೆರೂನ್ ಹಾಳೆ ಟೇಪಿನ ಜೊತೆ ಬಂತು, ಅದರ ಹಿಂದೆ ತುಕ್ಕಿನ ಪುಡಿ ಉದುರಿ ಅವರ ಬಿಳಿಯ ಪಂಚೆಯ ಮೇಲೆ ಬಿತ್ತು. ಎದುರು ಮನೆಯವರು ಚಪ್ಪಾಳೆ ತಟ್ಟಿದರು. ಅಂತೋಣಿ ನಗು ಮುಚ್ಚಿಕೊಳ್ಳಲು ಟವೆಲಿನಿಂದ ಮುಖ ಒರೆಸಿಕೊಂಡ.

ನಾನು ನಗಲಿಲ್ಲ. ನಗಬೇಕೆಂದು ಒಂದು ವರ್ಷದಿಂದ ಕೂಡಿಟ್ಟಿದ್ದೆ. ಆದರೆ ಮಾವ ಇರಬೇಕಾಗಿತ್ತು ಎನ್ನಿಸಿತು. ಬ್ಲೇಡನ್ನು ಕೆಳಗಿಟ್ಟೆ.

"ಶಟರಿನವನಿಗೆ ಬರ್ಬೇಡ ಅಂತ ಫೋನ್ ಮಾಡೋ ವಿಷ್ಣು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಾವ, ನೀನು ಕೆಲಸಕ್ಕೆ ಹೊರಟಾಗ್ಲೇ ಹೇಳಿದ್ರು ಕಣೇ. ಈ ಹುಡುಗಿ ತಿಳಿದೋಳು, ಅಡ್ಡ ಬರ್ಬೇಡಿ ಅಂತ. ನಾನೂ ಕೇಳಿಸ್ಕೊಳ್ಲಿಲ್ಲ," ಎಂದರು.

ಭಾವ ಪಂಚೆ ಕೊಡವಿಕೊಂಡು ಒಳಗೆ ಹೋದರು. ಸಿಟ್ಟಾದರು, ಇನ್ನು ನಾಲ್ಕು ದಿನ ಊಟಕ್ಕೆ ಕರೆದರೂ ಬರುವುದಿಲ್ಲ ಎಂದುಕೊಂಡೆ. ಅವರು ಹೊರಗೆ ಬಂದಾಗ ಶರಟು ಹಾಕಿಕೊಂಡಿದ್ದರು, ಕೈಯಲ್ಲಿ ಕಾರಿನ ಬೀಗದ ಕೈ ಇತ್ತು. ನೇರವಾಗಿ ನಡುಬಾಗಿಲಿಗೆ ಹೋಗಿ ಎರಡೂ ಕದ ತೆರೆದರು. ಅದೇ ಕಿರ್ರೆನ್ನುವ ಸದ್ದು. ಕಾರು ಹೊರಗೆ ತಂದು, ತಮ್ಮ ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದರು.

"ಬಾಮ್ಮಾ," ಎಂದರು, ನನ್ನ ಮುಖ ನೋಡದೆ. "ಪಿತೃಪಕ್ಷಕ್ಕೆ ಇನ್ನು ಒಂಬತ್ತೇ ದಿನ. ಎರಡು ಬಾಗಿಲಿಗೆ ಏನು ಬೇಕೋ ತಗೊಂಡು ಬರೋಣ."

ಮೂವತ್ತೈದು ವರ್ಷ ಆ ಮನೆಯಲ್ಲಿ ಇದ್ದರೂ ನಾನು ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸ್ಟೇಷನ್ನಿನ ಮುಂದೆ ಬಂದಾಗ ಭಾವ ಕಾರನ್ನು ಸ್ವಲ್ಪ ನಿಧಾನ ಮಾಡಿದರು. ಮಾವ ಕಾರು ನಿಲ್ಲಿಸುತ್ತಿದ್ದ ಜಾಗ ಅದು. ಅವರಿಗೂ ನೆನಪಿತ್ತು ಎಂದು ಆಗ ಗೊತ್ತಾಯಿತು.

ಪೇಂಟ್ ಅಂಗಡಿಯವರು ನಮ್ಮನ್ನು ಕಂಡ ಕೂಡಲೇ ಫ್ಯಾನಿನ ಕೆಳಗೆ ಸ್ಟೂಲು ಎಳೆದುಹಾಕಿ, ನನಗೆ "ಉಕ್ಕಾರುಂಗಮ್ಮಾ," ಕೂತುಕೊಳ್ಳಿ ಎಂದರು. ಕಾರ್ಡನ್ನು ಭಾವನ ಮುಂದೆ ಹಿಡಿದು, "ಸಾರ್, ಮೆರೂನ್ ದಾನೇ?" ಎಂದು ಕೇಳಿದರು.

"ಎನ್ನೈ ಕೇಕ್ಕಾದೀಂಗ," ಎಂದರು ಭಾವ. ನನ್ನನ್ನು ಕೇಳಬೇಡಿ. ನನ್ನ ಕಡೆ ಕೈ ತೋರಿಸಿ, ಇವರು ಮೂವತ್ತೊಂದು ವರ್ಷ ಪೇಂಟ್ ಲ್ಯಾಬಿನಲ್ಲಿದ್ದವರು, ಹಡಗಿಗೆ ಹೋಗುವ ಬಣ್ಣಕ್ಕೆ ಸಹಿ ಹಾಕಿದವರು, ಇವರು ಹೇಳಿದ್ದನ್ನು ಕೊಡಿ ಎಂದು ತಮಿಳಿನಲ್ಲಿ, ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೂ ಕೇಳುವ ಹಾಗೆ ಹೇಳಿದರು. ಹೇಳಿ, ಫ್ಯಾನಿನ ಕೆಳಗಿನ ಸ್ಟೂಲಿನ ಮೇಲೆ ತಾವೇ ಹೋಗಿ ಕೂತರು.

ನಾನು ಸೆರಗು ಸರಿಮಾಡಿಕೊಂಡು ಕೌಂಟರಿನ ಮುಂದೆ ನಿಂತೆ. ಕಾರ್ಡನ್ನು ಆಮೇಲೆ ನೋಡೋಣ, ಮೊದಲು ಪ್ರೈಮರ್ ಯಾವುದಿದೆ ತೋರಿಸಿ ಎಂದೆ.